ಹಳೆಯ ಮೇಜಿಗೆ ಪಾದಸೇವೆ

ಹಳೆಯ ಮೇಜು, ಕುರ್ಚಿ, ಮಂಚಗಳನ್ನು ಕೊಳ್ಳುವವರು ಮೊದಲು ನೋಡುವುದು ಮರವನ್ನು. ಬೀಟೆಯೋ ತೇಗವೋ, ಕೆತ್ತನೆ ಹೇಗಿದೆ, ಎಲ್ಲಿಯಾದರೂ ಹುಳು ಹೊಡೆದಿದೆಯೇ ಎಂದು ತಟ್ಟಿ ತಡವಿ ನೋಡುತ್ತಾರೆ. ಕಾಲಿನ ತುದಿಯಲ್ಲಿ ಕಪ್ಪಗಾಗಿ ಕುಳಿತ ಲೋಹದ ಪಾದದ ಕಡೆ ಕಣ್ಣು ಹೋಗುವುದು ಸಾಮಾನು ಮನೆಗೆ ಬಂದ ಮೇಲೆಯೇ. ಆಮೇಲೆ ಶುರುವಾಗುತ್ತದೆ ಉಜ್ಜಾಟ. ಹುಣಸೆಹಣ್ಣು, ನಿಂಬೆ ಹೋಳು, ಬ್ರಾಸೋ, ಯಾವುದಕ್ಕೂ ಜಗ್ಗದಿದ್ದರೆ ಮರಳು ಕಾಗದ! ಸಂಜೆಯ ಹೊತ್ತಿಗೆ ಪಾದ ಫಳಫಳ ಹೊಳೆಯುತ್ತದೆ. ಆ ಮೇಜು ಎಲ್ಲಿಯದು, ಯಾವ ಕಾಲದ್ದು ಎಂದು ಹೇಳಬಹುದಾಗಿದ್ದ ಒಂದೇ ಗುರುತು ಅಷ್ಟರಲ್ಲಿ ಅಳಿಸಿಹೋಗಿರಲೂಬಹುದು.

ಮರದ ಕಾಲಿಗೆ ಲೋಹದ ಪಾದ ಏಕೆ ಬೇಕಾಯಿತು? ಒನಕೆಯ ತುದಿಗೆ ಹಾಕುವ ಅಣಸನ್ನು ನೆನಪಿಸಿಕೊಂಡರೆ ಅರ್ಧ ಉತ್ತರ ಸಿಗುತ್ತದೆ. ಪೆಟ್ಟು ಬೀಳುವ ತುದಿ ಸೀಳದಂತೆ ಅದು ಕಾಯುತ್ತದೆ. ಉಳಿದರ್ಧ ನೀರಿನದು. ಮರದೊಳಗಿನ ಸೂಕ್ಷ್ಮ ನಾಳಗಳೆಲ್ಲ ಅಡ್ಡಕ್ಕೆ ಕತ್ತರಿಸಿದ ತುದಿಯಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ದಿನವೂ ನೆಲ ಒರೆಸುವ ಮನೆಯಲ್ಲಿ ಕುರ್ಚಿಯ ಕಾಲು ಆ ಬಾಯಿಗಳಿಂದಲೇ ತೇವವನ್ನು ಹೀರುತ್ತದೆ. ಹಿತ್ತಾಳೆಯ ಟೋಪಿ ಹಾಕಿದರೆ ಆ ಹೀರುವಿಕೆ ಕಡಿಮೆಯಾಗುತ್ತದೆ, ತುದಿಯೂ ಸವೆಯುವುದಿಲ್ಲ.

ಉಪಯೋಗಕ್ಕೆ ಬಂದದ್ದು ಅಲಂಕಾರವಾಗಲು ಬಹಳ ಕಾಲ ಬೇಕಾಗಲಿಲ್ಲ. 18ನೇ ಶತಮಾನದ ಫ್ರಾನ್ಸಿನಲ್ಲಿ ಶ್ರೀಮಂತರ ಮೇಜುಗಳ ಕಾಲಿಗೆ ಚಿನ್ನದ ಲೇಪದ ಕಂಚಿನ ಪಾದ ತೊಡಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಸಾಬೊ’. ರೈತರು ಮೆಟ್ಟುವ ಮರದ ಪಾದರಕ್ಷೆಗೂ ಅದೇ ಹೆಸರು! ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು, ಕಾಯಿಸಿ, ಪಾದರಸವನ್ನು ಆವಿಯಾಗಿಸುವ ಈ ಕೆಲಸ ಕುಶಲಕರ್ಮಿಗಳ ಆರೋಗ್ಯವನ್ನೇ ತಿಂದುಹಾಕುತ್ತಿತ್ತು. ಇಂಗ್ಲೆಂಡಿನಲ್ಲಿ ಅದೇ ಶತಮಾನದಲ್ಲಿ ಪಾದಕ್ಕೆ ಪುಟ್ಟ ಚಕ್ರಗಳು ಬಂದವು. ಮೊದಮೊದಲು ತೊಗಲಿನ ಬಿಲ್ಲೆಗಳ ಚಕ್ರ, ನಂತರ ಹಿತ್ತಾಳೆಯದು, 19ನೇ ಶತಮಾನದಲ್ಲಿ ಪಿಂಗಾಣಿಯದೂ ಸೇರಿಕೊಂಡಿತು. 1800ರ ನಂತರದ ಕೆಲವು ದಶಕಗಳಲ್ಲಿ ಊಟದ ಮೇಜುಗಳ ಕಾಲಿಗೆ ಸಿಂಹದ ಪಂಜದ ಆಕಾರದ ಹಿತ್ತಾಳೆ ಪಾದ ತೊಡಿಸುವುದು ದೊಡ್ಡ ಶೋಕಿಯಾಗಿತ್ತು.

ಭಾರತಕ್ಕೂ ಇದಕ್ಕೂ ನಂಟು ಬೆಳೆದದ್ದು ದಂಡಿನ ಮೂಲಕ. ಬ್ರಿಟಿಷ್ ಸೇನಾಧಿಕಾರಿಗಳು ಊರಿಂದೂರಿಗೆ ಹೋಗುವಾಗ ಮೇಜು, ಮಂಚ, ಕಪಾಟುಗಳನ್ನೂ ಬಿಚ್ಚಿ ಹೊತ್ತೊಯ್ಯುತ್ತಿದ್ದರು. ತಿರುಗಿಸಿ ತೆಗೆಯುವ ಕಾಲು, ಮೂಲೆ ಮೂಲೆಗೂ ಹಿತ್ತಾಳೆಯ ಪಟ್ಟಿ ಈ ಸಾಮಾನಿನ ಲಕ್ಷಣ. ಇಂಗ್ಲೆಂಡಿನಿಂದ ಬಂದದ್ದಿತ್ತು, ಅದನ್ನು ನೋಡಿ ಇಲ್ಲಿನ ಬಡಗಿಗಳು ಮಾಡಿಕೊಟ್ಟದ್ದೂ ಇತ್ತು. ಎರಡನ್ನೂ ಬೇರೆ ಮಾಡಿ ಗುರುತಿಸಲು ಕೆಲವೊಮ್ಮೆ ಲೋಹದ ಭಾಗವೇ ನೆರವಾಗುತ್ತದೆ. 19ನೇ ಶತಮಾನದ ಇಂಗ್ಲಿಷ್ ಚಕ್ರಪಾದಗಳ ಮೇಲೆ ‘ಕೋಪ್ ಅಂಡ್ ಕಾಲಿನ್‌ಸನ್’ನಂಥ ತಯಾರಕರ ಹೆಸರು ಸಣ್ಣ ಅಕ್ಷರದಲ್ಲಿ ಒತ್ತಿರುವುದುಂಟು. ಅದು ಪೇಟೆಂಟಿನ ಕಾಲವನ್ನು ಸೂಚಿಸುತ್ತದೆ. ಅಂಥ ಅಕ್ಷರ ಪಾಲಿಶ್ ಅಂಗಡಿಯ ಬಫಿಂಗ್ ಚಕ್ರದ ಕೆಳಗೆ ನವೆದುಹೋಗಲು ಹೆಚ್ಚು ಹೊತ್ತು ಬೇಡ.

ಹಾಗಾಗಿ ಉಜ್ಜುವ ಮೊದಲು ಲೋಹ ಯಾವುದೆಂದು ತಿಳಿಯಬೇಕು. ಕನ್ನಡ ಈ ವಿಷಯದಲ್ಲಿ ಜಾಣ ಭಾಷೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಕಟ್ಟುವುದು ಕಿಲುಬು. ತುಕ್ಕು ಕಬ್ಬಿಣವನ್ನು ಪದರ ಪದರವಾಗಿ ಕಳಚುತ್ತ ಒಳಕ್ಕೆ ಇಳಿಯುತ್ತದೆ. ಹಿತ್ತಾಳೆಯ ಮೇಲಿನ ಕಂದುಗಪ್ಪು ಪೊರೆ ಹಾಗಲ್ಲ, ಅದು ಒಳಗಿನ ಲೋಹಕ್ಕೆ ತಕ್ಕಮಟ್ಟಿಗೆ ಹೊದಿಕೆಯಾಗಿಯೇ ಇರುತ್ತದೆ. ತೆಗೆಯಲೇಬೇಕಾದದ್ದು ಸಂದುಗಳಲ್ಲಿ ಕೂರುವ ಹಸಿರು ಕಿಲುಬು. ಒಂದು ಅಯಸ್ಕಾಂತ ಹಿಡಿದು ನೋಡಿದರೆ ಅರ್ಧ ಪರೀಕ್ಷೆ ಮುಗಿಯಿತು. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಹಿತ್ತಾಳೆ ಬರೀ ಮೇಲಿನ ಲೇಪ. ಅಂಟದಿದ್ದರೂ ಪೂರ್ತಿ ನಂಬುವಂತಿಲ್ಲ, ಸತುವಿನ ಎರಕದ ಮೇಲೆ ಲೇಪ ಕೊಟ್ಟಿರಬಹುದು. ಕಾಣದ ಒಳಮೈಯಲ್ಲಿ ಸವೆದ ಜಾಗ ಬೂದುಬಣ್ಣಕ್ಕಿದ್ದರೆ ಗುಟ್ಟು ರಟ್ಟಾದಂತೆ. ಲೇಪದ ಪಾದಕ್ಕೆ ಸಾಬೂನು ನೀರಿನ ಬಟ್ಟೆಯಷ್ಟೇ ಸಾಕು. ಚಿನ್ನದ ಲೇಪದ ಮೇಲಂತೂ ಯಾವ ಪಾಲಿಶನ್ನೂ ಹಾಕಬಾರದು.

ಗಟ್ಟಿ ಹಿತ್ತಾಳೆಯಾದರೆ ಧೈರ್ಯವಾಗಿ ಕೆಲಸಕ್ಕೆ ಇಳಿಯಬಹುದು. ಮೇಜನ್ನು ಕಂಬಳಿಯ ಮೇಲೆ ಬೋರಲು ಹಾಕಿ, ತಿರುಪುಗಳನ್ನು ಬಿಚ್ಚಿ, ಯಾವ ಪಾದ ಯಾವ ಕಾಲಿನದು ಎಂದು ಚೀಟಿ ಅಂಟಿಸಬೇಕು. ಬಿಚ್ಚದೆ ತೊಳೆದರೆ ಟೋಪಿಯೊಳಗೆ ನೀರು ನಿಂತು, ಯಾವ ಮರವನ್ನು ಕಾಯಲು ಪಾದ ಹುಟ್ಟಿತೋ ಅದೇ ಮರ ಒಳಗೊಳಗೇ ಕೊಳೆಯುತ್ತದೆ. ಹಳೆಯ ಸಾಮಾನುಗಳ ಪಾದ ಸಡಿಲವಾಗಲು ಇದೂ ಒಂದು ದೊಡ್ಡ ಕಾರಣ. ಮೊದಲು ಬಿಸಿನೀರು, ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ಷು. ಎಷ್ಟೋ ಸಲ ಕಿಲುಬೆಂದು ಕಂಡದ್ದು ಹಳೆಯ ಮೇಣ ಮತ್ತು ಕೊಳೆ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಇನ್ನು ಹುಣಸೆಹಣ್ಣು. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕಪ್ಪು ಪೊರೆಯನ್ನು ಕರಗಿಸುತ್ತದೆ, ದೇವರ ದೀಪ ಬೆಳಗುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ದೀಪವನ್ನು ಎರಡು ನಿಮಿಷದಲ್ಲಿ ತೊಳೆದಿಡುತ್ತೇವೆ, ಮೇಜಿನ ಪಾದವನ್ನು ಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕುತ್ತೇವೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿಯಲ್ಲಿ ಹೆಚ್ಚು ಹೊತ್ತು ಇದ್ದರೆ ಮೇಲ್ಮೈಯ ಸತು ಕರಗಿ ತಾಮ್ರದ ಕೆಂಪು ಮೇಲೆದ್ದು ಕಾಣುತ್ತದೆ. ಹುಳಿಗೆ ಉಪ್ಪು ಬೆರೆಸಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಗುಳಿಗಳಲ್ಲಿ ಉಳಿದ ಉಪ್ಪು ಮಳೆಗಾಲದಲ್ಲಿ ಮತ್ತೆ ಹಸಿರು ಕಕ್ಕುತ್ತದೆ. ಕೆಲವೇ ನಿಮಿಷ ಹಚ್ಚಿ, ಚಿಟಿಕೆ ಅಡಿಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟರೆ ಕ್ಷೇಮ.

ಅಮೋನಿಯಕ್ಕೆ ಹೆದರಬೇಕೆಂಬ ಪಾಠ ಜಗತ್ತಿಗೆ ಸಿಕ್ಕಿದ್ದು ಭಾರತದಲ್ಲಿಯೇ. ಬ್ರಿಟಿಷ್ ಸೇನೆ ಇಲ್ಲಿ ದಾಸ್ತಾನು ಮಾಡಿದ್ದ ತೋಟಾಗಳ ಹಿತ್ತಾಳೆ ಕವಚಗಳು ಮಳೆಗಾಲದಲ್ಲಿ ತಾವಾಗಿ ಬಿರುಕು ಬಿಡುತ್ತಿದ್ದವು. ಅವುಗಳನ್ನು ಇಟ್ಟದ್ದು ಕುದುರೆ ಲಾಯಗಳಲ್ಲಿ. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯ, ತೇವ, ಒತ್ತಿ ಮಾಡಿದ ಹಿತ್ತಾಳೆಯೊಳಗೇ ಉಳಿದ ಬಿಗಿತ ಈ ಮೂರೂ ಸೇರಿದಾಗ ಲೋಹ ಸೀಳುತ್ತದೆ ಎಂಬ ವಿವರಣೆ 1921ರಲ್ಲಿ ಬಂತು. ತೆಳು ತಗಡನ್ನು ಒತ್ತಿ ಮಾಡಿದ ಪಾದದ ಟೋಪಿಗಳೂ ಅದೇ ಜಾತಿಯವು. ಅವನ್ನು ಅಮೋನಿಯದಲ್ಲಿ ನೆನೆಸುವುದು ಬೇಡ.

ಎಷ್ಟು ಹೊಳಪು ಬೇಕು ಎಂಬುದರಲ್ಲಿ ಎರಡು ಪಂಗಡಗಳಿವೆ. ಹೊಸದರಂತೆ ಮಿಂಚಬೇಕೆನ್ನುವವರ ಮನೆಯಲ್ಲಿ ನೂರು ವರ್ಷದ ಮಾಸಲು ಮರದ ಕೆಳಗೆ ನಿನ್ನೆ ಕೊಂಡಂತಿರುವ ಪಾದ ಕಣ್ಣಿಗೆ ಹೊಡೆಯುತ್ತದೆ. ಉಬ್ಬಿದ ಭಾಗಗಳನ್ನಷ್ಟೇ ಮೆಲ್ಲಗೆ ಬೆಳಗಿ, ತಗ್ಗುಗಳ ಕಪ್ಪನ್ನು ಹಾಗೇ ಬಿಟ್ಟರೆ ಸಿಂಹದ ಪಂಜದ ಬೆರಳು, ಉಗುರುಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಮೇಲೆ ತೆಳುವಾಗಿ ಮೇಣ ಸವರಿದರೆ ಸಾಕು. ಲ್ಯಾಕರ್ ಹೊಡೆದರೆ ಹೊಳಪು ಬಹುಕಾಲ ನಿಲ್ಲುತ್ತದೆ, ಆದರೆ ಪಾದಕ್ಕೆ ಒದೆತ ತಪ್ಪಿದ್ದಲ್ಲ. ಲ್ಯಾಕರ್ ಕಿತ್ತ ಕಡೆ ಕಪ್ಪು ಚುಕ್ಕೆ ಹರಡಿ, ಮತ್ತೆ ಥಿನ್ನರ್ ಹಾಕಿ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಆ ಥಿನ್ನರ್ ಮರಕ್ಕೆ ತಗುಲಿದರೆ ಅರಗಿನ ಹಳೆಯ ಪಾಲಿಶೂ ಹೋಯಿತು.

ಎರಕದ ಕಬ್ಬಿಣದ ಪಾದಗಳಿಗೆ ಸೀಮೆಎಣ್ಣೆ, ತಂತಿ ಬ್ರಷ್ಷು, ತುಕ್ಕುನಿರೋಧಕ ಬಣ್ಣದ ಹಳೆಯ ದಾರಿಯೇ ಸರಿ.

ಪಾದವನ್ನು ಮತ್ತೆ ತೊಡಿಸುವ ಮುನ್ನ ಕಾಲಿನ ತುದಿ ಪೂರ್ತಿ ಒಣಗಿರಬೇಕು. ಹಳೆಯ ಹಿತ್ತಾಳೆ ತಿರುಪು ಮೆತು, ಬಲವಂತ ಮಾಡಿದರೆ ತಲೆ ಮುರಿಯುತ್ತದೆ. ಅದರ ಎಳೆಗೆ ಮೇಣದಬತ್ತಿ ಉಜ್ಜಿಕೊಂಡರೆ ಸಲೀಸಾಗಿ ಇಳಿಯುತ್ತದೆ. ಚಕ್ರವಿದ್ದರೆ ಅದರ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು, ಹೆಚ್ಚಾದದ್ದು ಧೂಳು ಹಿಡಿದು ಚಕ್ರವನ್ನು ಮತ್ತೆ ಬಿಗಿಸುತ್ತದೆ.