ಒಂದಗುಳು, ಹಲವು ತಪ್ಪಲೆ

ಅನ್ನ ಬೆಂದಿದೆಯೇ ಎಂದು ನೋಡಲು ತಪ್ಪಲೆಯನ್ನೆಲ್ಲ ಬಗ್ಗಿಸಬೇಕಿಲ್ಲ, ಒಂದಗುಳು ಹಿಸುಕಿದರೆ ಸಾಕು. ಮಕ್ಕಳ ಹೊಟ್ಟೆಯ ಜಂತುಹುಳುವಿನ ಸಮೀಕ್ಷೆ ನಡೆಯುವುದೂ ಈ ಅಡುಗೆಮನೆ ಲೆಕ್ಕದಲ್ಲೇ. ನಮ್ಮಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಚೀಪಿಸುತ್ತಾರಲ್ಲ, ಅದು ವರ್ಷಕ್ಕೆ ಒಮ್ಮೆ ಸಾಕೋ ಎರಡು ಸಲ ಬೇಕೋ ಎಂಬುದು ಇಂಥ ಸಮೀಕ್ಷೆಯಿಂದಲೇ ತಿಳಿಯಬೇಕು.

ವಿಶ್ವ ಆರೋಗ್ಯ ಸಂಸ್ಥೆ ಎಳೆದ ಗೆರೆಗಳು ಎರಡು. ನೂರಕ್ಕೆ 20 ಅಥವಾ ಹೆಚ್ಚು ಮಂದಿಯಲ್ಲಿ ಹುಳುವಿದ್ದರೆ ವರ್ಷಕ್ಕೊಮ್ಮೆ ಮಾತ್ರೆ, 50 ದಾಟಿದರೆ ಎರಡು ಸಲ. ಊರು ಗೆರೆಯ ಯಾವ ಬದಿಗಿದೆ ಎಂದಷ್ಟೇ ತಿಳಿಯಬೇಕಾದ್ದರಿಂದ ಸಾವಿರಾರು ಮಕ್ಕಳನ್ನು ಪರೀಕ್ಷಿಸಬೇಕಿಲ್ಲ. ಐದು ಶಾಲೆ, ಶಾಲೆಗೆ 50 ಮಕ್ಕಳು, ಒಟ್ಟು 250.

ಒಂದೇ ಶಾಲೆಯಿಂದ 250 ಮಕ್ಕಳನ್ನು ಆರಿಸಿದರೆ ಆಗದೇ? ಆಗದು. ಒಂದೇ ಮಣ್ಣಿನಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳ ಹೊಟ್ಟೆಯ ಕಥೆಯೂ ಹೆಚ್ಚುಕಡಿಮೆ ಒಂದೇ. ಆಯ್ಕೆಯನ್ನು ಮೇಷ್ಟ್ರಿಗೆ ಬಿಟ್ಟರೆ ಮುಂದಿನ ಬೆಂಚಿನವರೇ ಎದ್ದು ಬರುತ್ತಾರೆ. ಹಾಜರಿ ಪುಸ್ತಕದಲ್ಲಿ 200 ಹೆಸರಿದ್ದರೆ ಮೊದಲ ನಾಲ್ಕರಲ್ಲೊಂದಕ್ಕೆ ಚೀಟಿ ಎತ್ತಿ, ಅಲ್ಲಿಂದ ಪ್ರತಿ ನಾಲ್ಕನೆಯ ಹೆಸರು ಹಿಡಿಯಬೇಕು.

ಮಲದ ಮಾದರಿಯನ್ನು ಕಾಟೋ-ಕಾಟ್ಜ್ ವಿಧಾನದಲ್ಲಿ ನೋಡುತ್ತಾರೆ. ಗಾಜಿನ ಪಟ್ಟಿಯ ಮೇಲೆ 41.7 ಮಿಲಿಗ್ರಾಂ ಸವರಿ, ಕಂಡ ಮೊಟ್ಟೆಗಳನ್ನು 24ರಿಂದ ಗುಣಿಸಿದರೆ ಒಂದು ಗ್ರಾಮಿನ ಲೆಕ್ಕ ಸಿಕ್ಕಿತು. ತಡಮಾಡುವಂತಿಲ್ಲ. ಮಾದರಿಗೆ ತಾಗಿಸುವ ಗ್ಲಿಸರಿನ್‌ನಲ್ಲಿ ಹೊತ್ತು ಕಳೆದಂತೆ, ಜಂತುಹುಳುಗಳಲ್ಲೊಂದಾದ ಕೊಕ್ಕೆಹುಳುವಿನ ಮೊಟ್ಟೆ ಮಾಯವಾಗುತ್ತದೆ.

ಆದರೂ ಅಗುಳಿನ ನ್ಯಾಯಕ್ಕೆ ಮಿತಿಯಿದೆ. ಕೊಕ್ಕೆಹುಳುವಿನ ಮರಿಗೆ ತೇವ, ನೆರಳು, ಸಡಿಲ ಮಣ್ಣು ಬೇಕು. ಕರಾವಳಿ, ಮಲೆನಾಡು, ಬಯಲುಸೀಮೆಗಳ ನೆಲ ಮಳೆ ಬೇರೆ ಬೇರೆ. ಮೂರನ್ನೂ ಕಲಸಿ ಸರಾಸರಿ ತೆಗೆದರೆ ಅದು ಯಾವ ಸೀಮೆಗೂ ಸಲ್ಲದು. ಒಂದೊಂದು ತಪ್ಪಲೆಗೂ ಬೇರೆ ಅಗುಳು ಬೇಕು.

ಫಲಿತಾಂಶ ಗೆರೆಯ ಹತ್ತಿರ ಬಂದರಂತೂ ಇನ್ನೂ ಎಚ್ಚರ. 250 ಮಕ್ಕಳಲ್ಲಿ 55 ಮಂದಿಗೆ, ಅಂದರೆ ನೂರಕ್ಕೆ 22ರಷ್ಟು ಮಂದಿಗೆ ಹುಳು ಕಂಡಿತೆನ್ನಿ. ನಿಜ ಸಂಖ್ಯೆ ಸುಮಾರು 17ರಿಂದ 27ರ ನಡುವೆ ಎಲ್ಲಾದರೂ ಇರಬಹುದು. ಅಲ್ಲಿಗೆ 20ರ ಗೆರೆ ಅಂದಾಜಿನ ನಡುವೆಯೇ ಬಿತ್ತು. ಆಗ ಇನ್ನಷ್ಟು ಶಾಲೆಗಳಿಗೆ ಹೋಗಬೇಕು.

ಇಷ್ಟಾದರೂ ಲೆಕ್ಕ ನಡೆದದ್ದು ಹಾಜರಿ ಪುಸ್ತಕದ ಒಳಗೇ. ಶಾಲೆಯ ಮುಖವನ್ನೇ ಕಾಣದ, ಹೊಲದಲ್ಲಿ ಬರಿಗಾಲಲ್ಲಿ ನಿಂತ ಹುಡುಗಿಯ ಹೆಸರು ಅದರಲ್ಲಿಲ್ಲ. ಮಾತ್ರೆ ಹೆಚ್ಚು ಬೇಕಿರುವುದು ಅವಳಿಗೇ ಇರಬಹುದು.