ಸೊಸೆ ತೋರಿಸಿದ ಮನೆ

ಆ ಕೋಣೆಯ ಅಗ್ಗಿಷ್ಟಿಕೆಯ ಎರಡೂ ಬದಿಗೆ ಒಂದೊಂದು ದೊಡ್ಡ ಕುರ್ಚಿ. ಒಂದು ಅತ್ತೆಯದು, ಇನ್ನೊಂದು ಗಂಡನದು. ಸೊಸೆಗೆಂದು ಗೊತ್ತುಮಾಡಿದ ಕುರ್ಚಿ ಇರಲಿಲ್ಲ. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂರುತ್ತಿದ್ದೆ ಎಂದು ಆಕೆಯೇ ಮುಂದೆ ಬರೆದುಕೊಂಡರು. ಆ ಸೊಸೆ ಎಲೀನರ್ ರೂಸ್‌ವೆಲ್ಟ್. ಗಂಡ ಫ್ರಾಂಕ್ಲಿನ್ ರೂಸ್‌ವೆಲ್ಟ್, ಅಮೆರಿಕಕ್ಕೆ ನಾಲ್ಕು ಸಲ ಅಧ್ಯಕ್ಷರಾಗಿ ಚುನಾಯಿತರಾದವರು. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬ ಊರಿನ ಆ ಮನೆಯ ಬಾಗಿಲಲ್ಲಿ, ಕಟ್ಟಿದ ಹಗ್ಗದ ಈಚೆ ನಿಂತು ಆ ಎರಡು ಕುರ್ಚಿಗಳನ್ನು ನೋಡುತ್ತಿದ್ದಾಗ ನನಗೆ ನಮ್ಮ ಮಾವನವರ ಆರಾಮಕುರ್ಚಿ ನೆನಪಾಯಿತು. ಸಾಗರದ ಕಡೆಯ ಆ ಮನೆಗೆ ಸೊಸೆಯಾಗಿ ಹೋದವಳು ನಾನು. ಅವರು ಮನೆಯಲ್ಲಿ ಇಲ್ಲದ ದಿನವೂ ಆ ಕುರ್ಚಿಯಲ್ಲಿ ಕೂತವಳಲ್ಲ.

ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಅವಳೇ ಹಟ ಹಿಡಿದು ಕರೆದುಕೊಂಡು ಹೋದ ಜಾಗ ಇದು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಿಂದ ಪೊಕಿಪ್ಸಿವರೆಗೆ ಸುಮಾರು ಎರಡು ತಾಸಿನ ರೈಲು. ಎಡಗಡೆ ಕಿಟಕಿ ಹಿಡಿದು ಕೂತರೆ ದಾರಿಯುದ್ದಕ್ಕೂ ಹಡ್ಸನ್ ನದಿ ಜೊತೆಗೇ ಬರುತ್ತದೆ. ಅಲ್ಲಿಂದ ಹೈಡ್ ಪಾರ್ಕಿಗೆ ಕಾರಿನಲ್ಲಿ ಕಾಲು ಗಂಟೆ. ಮಗಳು ಒಂದು ವಾರ ಮೊದಲೇ ತಯಾರಿ ಮಾಡಿಕೊಂಡಿದ್ದಳು. ರೂಸ್‌ವೆಲ್ಟರ ರೇಡಿಯೊ ಭಾಷಣಗಳು, ಎಲೀನರ್ ಅವರ ಪ್ರಸಾರಗಳು, ಇವನ್ನೆಲ್ಲ ಹುಡುಕಿ, ಯಾವುದನ್ನು ಎಲ್ಲಿ ನಿಂತು ಕೇಳಬೇಕೆಂದು ಸಾಲಾಗಿ ಜೋಡಿಸಿ ನನ್ನ ಫೋನಿಗೆ ತುಂಬಿಕೊಟ್ಟಿದ್ದಳು. ಮನೆಯ ಒಳಗೆ ಅಲ್ಲಿನ ಮಾರ್ಗದರ್ಶಿ ರೇಂಜರ್ ಜೊತೆಗೇ ಹೋಗಬೇಕು. ತೋಟ, ಗೋರಿ, ಕಾಡುದಾರಿ, ಊರು ಇವಿಷ್ಟನ್ನು ನಮ್ಮ ಪಾಡಿಗೆ ನಾವು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡಿದೆವು. ಇದನ್ನೆಲ್ಲ ಜೋಡಿಸುವಾಗ ಅವಳಿಗೆ ತಿಳಿದಿರಲಿಲ್ಲ, ನನಗೂ ಆಮೇಲೆ ಓದಿದಾಗಲೇ ತಿಳಿದದ್ದು: ಇವತ್ತು ಜಗತ್ತಿನ ಕೋಟೆ, ಅರಮನೆ, ವಸ್ತುಸಂಗ್ರಹಾಲಯಗಳಲ್ಲೆಲ್ಲ ಪ್ರವಾಸಿಗರ ಕಿವಿಗೆ ಏರುವ ಆಡಿಯೊ ಗೈಡ್‌ನ ಚರಿತ್ರೆಯಲ್ಲಿ ಈ ಮನೆಗೇ ಒಂದು ದೊಡ್ಡ ಜಾಗ ಇದೆ.

ಮೊದಲು ಮನೆಯ ಕಥೆ. ಫ್ರಾಂಕ್ಲಿನ್ ಅವರ ತಂದೆ ಜೇಮ್ಸ್ 1860ರ ದಶಕದಲ್ಲಿ ಕೊಂಡ ಜಮೀನು ಇದು. ಹೆಸರು ಸ್ಪ್ರಿಂಗ್‌ವುಡ್. 1882ರ ಜನವರಿ 30ರಂದು ಫ್ರಾಂಕ್ಲಿನ್ ಹುಟ್ಟಿದ್ದು ಇದೇ ಮನೆಯ ಮಹಡಿಯಲ್ಲಿ. ತಂದೆ ತೀರಿಕೊಂಡ ಮೇಲೆ ಯಜಮಾನಿಕೆ ತಾಯಿ ಸಾರಾ ಅವರದು. 1915ರಲ್ಲಿ ತಾಯಿ ಮಗ ಸೇರಿ ಹಳೆಯ ಮನೆಯ ಎರಡು ಬದಿಗೂ ಕಾಡುಕಲ್ಲಿನ ಅಂಕಣಗಳನ್ನು ಸೇರಿಸಿ ಈಗಿನ ರೂಪಕ್ಕೆ ತಂದರು. ಒಳಗೆ ಕಾಲಿಟ್ಟ ಕೂಡಲೆ ಎದುರಾಗುವುದು ಗಾಜಿನ ಕಪಾಟಿನಲ್ಲಿ ಹದ ಮಾಡಿ ಇಟ್ಟ ಸತ್ತ ಹಕ್ಕಿಗಳು. ಹುಡುಗನಾಗಿದ್ದಾಗ ಫ್ರಾಂಕ್ಲಿನ್ ಕೂಡಿಹಾಕಿದ್ದು. ತಾಯಿ ಒಂದೂ ಕದಲದ ಹಾಗೆ ಕಾಪಾಡಿದ್ದು.

ಎಲೀನರ್ ಈ ಕುಟುಂಬಕ್ಕೆ ಸೊಸೆಯಾದದ್ದು 1905ರಲ್ಲಿ. ನ್ಯೂಯಾರ್ಕ್ ನಗರದಲ್ಲಿ ಅತ್ತೆ ಮಗ ಸೊಸೆಗೆ ಮನೆ ಕಟ್ಟಿಸಿಕೊಟ್ಟರು. ಗೋಡೆಗೆ ಗೋಡೆ ಅಂಟಿಸಿ ತಮಗೂ ಒಂದು ಕಟ್ಟಿಸಿಕೊಂಡರು. ಎರಡು ಮನೆಗಳ ನಡುವೆ ಮಹಡಿಗಳಲ್ಲೂ ಬಾಗಿಲು ಇಟ್ಟರು. ಅತ್ತೆ ಯಾವ ಹೊತ್ತಿಗೆ ಯಾವ ಬಾಗಿಲಿಂದ ಬಂದಾರೋ ಹೇಳುವ ಹಾಗಿರಲಿಲ್ಲ. ಹೈಡ್ ಪಾರ್ಕಿನ ಮನೆಯಲ್ಲಂತೂ ಊಟದ ಮೇಜಿನ ಒಂದು ತುದಿಯ ಯಜಮಾನಿ ಜಾಗ ಕೊನೆಯವರೆಗೂ ಸಾರಾ ಅವರದೇ. ಮಹಡಿಯಲ್ಲಿ ಎಲೀನರ್ ಮಲಗುತ್ತಿದ್ದ ಕೋಣೆ ನೋಡಿದೆ. ಅತ್ತೆಯ ವಿಶಾಲವಾದ ಕೋಣೆಗೂ ಗಂಡನ ವಿಶಾಲವಾದ ಕೋಣೆಗೂ ನಡುವೆ ಸಿಕ್ಕಿಕೊಂಡ ಸಣ್ಣ ಕೋಣೆ, ಒಂದು ಕಿರಿದಾದ ಮಂಚ. ನಮ್ಮ ಗುಂಪಿನಲ್ಲಿ ಬಿಳಿಯರು, ಚೀನೀಯರು, ನಾವು ಇಬ್ಬರು ಕನ್ನಡದವರು. ಆ ಬಾಗಿಲ ಮುಂದೆ ಹೆಂಗಸರೆಲ್ಲ ತುಸು ಹೆಚ್ಚು ಹೊತ್ತು ನಿಂತರು. ಯಾರೂ ಏನೂ ಹೇಳಲಿಲ್ಲ.

ಈ ಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಜಾಗ ಲಿಫ್ಟ್. 1921ರ ಆಗಸ್ಟಿನಲ್ಲಿ, 39ನೇ ವಯಸ್ಸಿನಲ್ಲಿ ಫ್ರಾಂಕ್ಲಿನ್ ಅವರಿಗೆ ಪೋಲಿಯೊ ಬಡಿಯಿತು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಮಹಡಿ ಮೆಟ್ಟಿಲು ಹತ್ತುವುದು ಹೇಗೆ? ಪೆಟ್ಟಿಗೆ, ಟ್ರಂಕುಗಳನ್ನು ಮೇಲೆ ಸಾಗಿಸಲು ಗೋಡೆಯೊಳಗೆ ಒಂದು ಗೂಡು ಇತ್ತು. ಅದರೊಳಗೆ ಗಾಲಿಕುರ್ಚಿ ಸಮೇತ ಹೊಕ್ಕು, ಹಗ್ಗ ಹಿಡಿದು, ಬಾವಿಯಿಂದ ನೀರು ಸೇದಿದ ಹಾಗೆ ತಮ್ಮನ್ನು ತಾವೇ ಸೇದಿಕೊಂಡು ಅವರು ಮೇಲೆ ಹೋಗುತ್ತಿದ್ದರು. ಗಾಲಿಕುರ್ಚಿಯೂ ಅಂಗಡಿಯಿಂದ ತಂದದ್ದಲ್ಲ, ಕೈಯಿಲ್ಲದ ಸಾದಾ ಮನೆ ಕುರ್ಚಿಗೆ ಗಾಲಿ ಹಾಕಿಸಿದ್ದು. ಕರೆಂಟಿನ ಲಿಫ್ಟ್ ಅವರು ಹಾಕಿಸಲಿಲ್ಲ. ಮನೆಗೆ ಬೆಂಕಿ ಬಿದ್ದು ಕರೆಂಟು ಹೋದರೆ ನಡುವೆ ಸಿಕ್ಕಿಕೊಂಡೇನು ಎಂಬ ಭಯ. ಎರಡನೇ ಮಹಾಯುದ್ಧವನ್ನು ನಡೆಸಿದ ಮನುಷ್ಯ ಇಲ್ಲಿದ್ದಾಗಲೆಲ್ಲ ರಾತ್ರಿ ಮಲಗುವ ಮುನ್ನ ಈ ಕತ್ತಲೆ ಗೂಡಿನಲ್ಲಿ ಹಗ್ಗ ಜಗ್ಗುತ್ತಿದ್ದರು ಎನ್ನುವುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಆ ಗೂಡಿನ ಮುಂದೆ ನಿಂತುಕೊಳ್ಳುವುದು ಬೇರೆ.

ತಮ್ಮ ಮನೆಯನ್ನು ಜನ ನೋಡಲು ಬರಬೇಕು ಎಂಬುದು ಅವರ ಬದುಕಿನ ಕೊನೆಯ ವರ್ಷಗಳ ಆಸೆ. ಅಂಗಳದ ಇನ್ನೊಂದು ಮಗ್ಗುಲಲ್ಲಿ ತಮ್ಮ ಕಾಗದಪತ್ರಗಳಿಗಾಗಿಯೇ ಕಾಡುಕಲ್ಲಿನ ಗ್ರಂಥಾಲಯ ಕಟ್ಟಿಸಿದರು. 1941ರ ಜೂನ್ 30ರಂದು ತೆರೆದ ಅದು ಅಮೆರಿಕದ ಮೊದಲ ಅಧ್ಯಕ್ಷೀಯ ಗ್ರಂಥಾಲಯ. ಅಲ್ಲೊಂದು ಓದುಕೋಣೆ ಇದೆ. 1943ರ ಕ್ರಿಸ್‌ಮಸ್ ಹಿಂದಿನ ದಿನ ಅವರು ರೇಡಿಯೊದಲ್ಲಿ ದೇಶದ ಜೊತೆ ಮಾತಾಡಿದ್ದು ಹೈಡ್ ಪಾರ್ಕಿನಿಂದಲೇ. ಮಗಳು ಅದನ್ನು ಅಲ್ಲಿ ಕೇಳಲೆಂದೇ ಇಟ್ಟಿದ್ದಳು. ಧ್ವನಿ ಕಿವಿಯೊಳಗೆ ಬಿದ್ದಾಗ ಮೈ ಜುಂ ಎಂದಿತು. ಭಾಷಣದ ಧಾಟಿ ಅದಲ್ಲ. ಎದುರಿಗೆ ಕೂತವರಿಗೆ ಸಮಾಧಾನವಾಗಿ ವಿಷಯ ತಿಳಿಸುವ ಮನೆಯ ಹಿರಿಯರ ದನಿ. ಗ್ರಂಥಾಲಯದಲ್ಲೇ ಅವರ 1936ರ ಫೋರ್ಡ್ ಕಾರು ಇದೆ, ಕಾಲಿನ ಕೆಲಸವನ್ನೂ ಕೈಯಿಂದಲೇ ಮಾಡುವ ಹಾಗೆ ಬದಲಾಯಿಸಿದ್ದು. 1943ರಲ್ಲಿ ಅವರು ಮನೆಯನ್ನೂ ಸುತ್ತಲ ಜಾಗವನ್ನೂ ದೇಶಕ್ಕೆ ಬರೆದುಕೊಟ್ಟರು. 1945ರ ಏಪ್ರಿಲ್ 12ರಂದು ತೀರಿಕೊಂಡರು. ಸರಿಯಾಗಿ ಒಂದು ವರ್ಷಕ್ಕೆ, 1946ರ ಏಪ್ರಿಲ್ 12ರಂದು, ಮನೆಯ ಬಾಗಿಲು ಜನರಿಗೆ ತೆರೆಯಿತು. ಮನೆಯ ಮೇಲೆ ತಮಗಿದ್ದ ಹಕ್ಕನ್ನು ಎಲೀನರ್ ಮತ್ತು ಮಕ್ಕಳು ಅದಕ್ಕೂ ಮೊದಲೇ ಬಿಟ್ಟುಕೊಟ್ಟಿದ್ದರು.

ಆಡಿಯೊ ಗೈಡ್‌ನ ಕಥೆಗಾಗಿ ಇಲ್ಲಿ ಸ್ವಲ್ಪ ಹೊತ್ತು ಆಮ್‌ಸ್ಟರ್‌ಡ್ಯಾಮಿಗೆ ಹೋಗಿಬರಬೇಕು. 1952ರಲ್ಲಿ ಅಲ್ಲಿನ ಸ್ಟೆಡೆಲೆಕ್ ಮ್ಯೂಸಿಯಮ್ಮಿನಲ್ಲಿ ಪ್ರೇಕ್ಷಕರಿಗೆ ಸಣ್ಣದೊಂದು ರೇಡಿಯೊ ಪೆಟ್ಟಿಗೆ ಕೊಟ್ಟರು. ಕೋಣೆಯ ಸುತ್ತ ತಂತಿ ಬಳಸಿ, ಒಂದು ಕಡೆ ಟೇಪ್ ಓಡಿಸಿ, ಅದರ ಮಾತನ್ನು ಪೆಟ್ಟಿಗೆಗಳಿಗೆ ಕಳಿಸುವ ಏರ್ಪಾಡು. ಆಡಿಯೊ ಗೈಡ್‌ನ ಆರಂಭ ಅಲ್ಲಿಂದ ಎನ್ನುತ್ತಾರೆ. ಆಗಿನ ಫೋಟೊಗಳಲ್ಲಿ ಜನ ಕಿವಿಗೆ ಗುಂಡಗಿನ ಕರಿ ಬಿಲ್ಲೆ ಒತ್ತಿಕೊಂಡು, ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದಾರೆ. ಟೇಪ್ ಒಂದೇ ಆದದ್ದರಿಂದ ಅದು ಮುಂದಿನ ಚಿತ್ರಕ್ಕೆ ಹೋದಾಗ ಎಲ್ಲರೂ ಹೋಗಬೇಕು. ನನಗೆ ಒಂದು ಚಿತ್ರ ಹಿಡಿಸಿತು, ಇನ್ನೂ ಒಂದು ನಿಮಿಷ ನಿಲ್ಲುತ್ತೇನೆ ಎಂದರೆ ಆಗುತ್ತಿರಲಿಲ್ಲ.

ಟೇಪನ್ನೇ ನೋಡುವವರ ಕೈಗೆ ಕೊಟ್ಟಾಗ ಆ ಕಟ್ಟು ಸಡಿಲವಾಯಿತು. 1957ರಲ್ಲಿ ಅಮೆರಿಕದಲ್ಲಿ ಅಕೂಸ್ಟಿಗೈಡ್ ಎಂಬ ಕಂಪನಿ ಶುರುವಾಯಿತು. ಅದು ತನ್ನ ಮೊದಲ ಕೆಲಸಕ್ಕೆ ಆರಿಸಿಕೊಂಡದ್ದು ಹೈಡ್ ಪಾರ್ಕಿನ ಈ ಮನೆ. ಮನೆಯನ್ನು ತೋರಿಸುವ ದನಿ ಎಲೀನರ್ ಅವರದು.

ಈ ಸಂಗತಿ ಗೊತ್ತಾದಂದಿನಿಂದ ನನ್ನ ತಲೆಯಲ್ಲಿ ಅದು ತಿರುಗುತ್ತಲೇ ಇದೆ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಅತ್ತೆ ತೀರಿಕೊಂಡು ಹದಿನಾರು ವರ್ಷ, ಗಂಡ ತೀರಿಕೊಂಡು ಹನ್ನೆರಡು ವರ್ಷ. ನಲವತ್ತು ವರ್ಷ ತಾನು ಆ ಮನೆಗೆ ಬಂದುಹೋಗುವ ನೆಂಟಳ ಹಾಗಿದ್ದೆ ಎಂದು ಬರೆದವರು. ಅದೇ ಮನೆಯ ಒಂದೊಂದು ಕೋಣೆಯನ್ನೂ ಗುರುತಿಲ್ಲದ ಸಾವಿರಾರು ಜನರಿಗೆ, ಬನ್ನಿ ಒಳಗೆ ಎಂದು ಕರೆದು ತೋರಿಸುವ ಹೊಣೆಯನ್ನು ಅವರು ಒಪ್ಪಿಕೊಂಡರು. ಆ ದನಿ ಅವರಿಗೆ ಸುಲಭವಾಗಿ ಬಂದದ್ದೂ ಅಲ್ಲ. ಮಾತಾಡುತ್ತಾ ಮಾತಾಡುತ್ತಾ ಕೀಚಲಾಗಿ ಏರಿಬಿಡುತ್ತಿದ್ದ ಗಂಟಲನ್ನು ಗುರುವೊಬ್ಬರ ಹತ್ತಿರ ಕಲಿತು ಹದಕ್ಕೆ ತಂದುಕೊಂಡಿದ್ದರು. 1941ರ ಡಿಸೆಂಬರ್ 7ರ ಸಂಜೆ, ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದ ದಿನ, ಗಂಡ ಸಂಸತ್ತಿನ ಮುಂದೆ ನಿಲ್ಲುವ ಮೊದಲೇ ರೇಡಿಯೊದಲ್ಲಿ ದೇಶದ ತಾಯಂದಿರ ಜೊತೆ ಮಾತಾಡಿದ್ದು ಈ ದನಿಯೇ. ಗುಲಾಬಿ ತೋಟದಲ್ಲಿ ಅವರಿಬ್ಬರ ಗೋರಿಯ ಹತ್ತಿರದ ಬೆಂಚಿನಲ್ಲಿ ಕೂತು ಅದನ್ನು ಕೇಳಿದೆ. ತೆಳುವಾದ ದನಿ. ಅಲ್ಲಲ್ಲಿ ನಡುಗುತ್ತದೆ, ಆದರೆ ನಿಲ್ಲುವುದಿಲ್ಲ. ಎದುರಿಗೆ ಬಿಳಿ ಅಮೃತಶಿಲೆಯ ಒಂದೇ ಕಲ್ಲು, ಎರಡು ಹೆಸರು, ಇಸವಿಗಳು, ಅಷ್ಟೇ. ಹೀಗೆ ಸಾದಾ ಇರಬೇಕೆಂದು ಫ್ರಾಂಕ್ಲಿನ್ ಮೊದಲೇ ಬರೆದಿಟ್ಟಿದ್ದರು. ಸಾರಾ ಇಲ್ಲಿಲ್ಲ. ಅವರು ಊರಿನ ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿ, ತಮ್ಮ ಗಂಡನ ಪಕ್ಕದಲ್ಲಿ ಇದ್ದಾರೆ.

ಆಡಿಯೊ ಗೈಡ್‌ಗೆ ಮುಂದೆ ಕ್ಯಾಸೆಟ್ ಬಂತು, 1979ರಲ್ಲಿ ವಾಕ್‌ಮನ್ ಬಂತು, ಆಮೇಲೆ ನಂಬರ್ ಒತ್ತಿದರೆ ಮಾತಾಡುವ ಯಂತ್ರ, ಈಗ ಎಲ್ಲರ ಜೇಬಿನಲ್ಲಿರುವ ಫೋನು. ಯಂತ್ರದ ಕಥೆ ಇಷ್ಟೇ, ಅದರಲ್ಲಿ ನನಗೆ ಅಂಥ ಆಸಕ್ತಿ ಇಲ್ಲ. ಯಾರ ಬಾಯಿಂದ ಕೇಳುತ್ತೇವೆ ಎನ್ನುವುದು ಮುಖ್ಯ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಆಲ್ಕಟ್ರಾಜ್ ಸೆರೆಮನೆಗೆ 1987ರಲ್ಲಿ ಮಾಡಿದ ಆಡಿಯೊ ಗೈಡ್ ಹೆಸರುವಾಸಿಯಾದದ್ದು ಅಲ್ಲಿ ಶಿಕ್ಷೆ ಅನುಭವಿಸಿದ ಕೈದಿಗಳೂ ಕಾವಲಿದ್ದವರೂ ತಾವೇ ಮಾತಾಡಿದ್ದಕ್ಕೆ. ಜೋಧ್‌ಪುರದ ಮೆಹರಾನ್‌ಗಢದಲ್ಲಿ ಮಹಾರಾಜ ಗಜ್ ಸಿಂಗ್ ಅವರ ದನಿಯೂ ಕಿವಿಗೆ ಬರುತ್ತದೆ. ಅದನ್ನು ಕೇಳಿದ ಮೇಲೆ ಲೋಹಾ ಪೋಲ್ ಬಾಗಿಲ ಪಕ್ಕ ಗೋಡೆಯ ಮೇಲಿನ, ಸತಿ ಹೋದ ರಾಣಿಯರ ಪುಟ್ಟ ಪುಟ್ಟ ಕೈಗುರುತುಗಳ ಮುಂದೆ ನಿಂತರೆ, ಈ ಹೆಂಗಸರ ದನಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಎದೆಗೆ ಬಂದು ಹೊಡೆಯುತ್ತದೆ. ನಮ್ಮ ಮೈಸೂರು ಅರಮನೆಯಲ್ಲೂ ಆಡಿಯೊ ಗೈಡ್ ಸಿಗುತ್ತದೆ. 1897ರಲ್ಲಿ ಮದುವೆ ಸಡಗರದ ನಡುವೆ ಹಳೆಯ ಮರದ ಅರಮನೆ ಸುಟ್ಟದ್ದು, ಹೆನ್ರಿ ಇರ್ವಿನ್ ಹಾಕಿದ ನಕ್ಷೆ, 1912ಕ್ಕೆ ಕಟ್ಟಡ ಮುಗಿದದ್ದು ಇವೆಲ್ಲ ಬೇಕೇ ಬೇಕು. ಅದರ ಜೊತೆಗೆ, ಭಾನುವಾರ ಸಂಜೆ ಒಮ್ಮೆಗೇ ಹೊತ್ತಿಕೊಳ್ಳುವ ಆ ಒಂದು ಲಕ್ಷದಷ್ಟು ಬಲ್ಬುಗಳಲ್ಲಿ ಸುಟ್ಟುಹೋದದ್ದನ್ನು ಹುಡುಕಿ ಬದಲಾಯಿಸುವವರ ಮಾತು, ಆನೆ ಮೀಯಿಸುವವರ ಮಾತು ನಮ್ಮ ಮೈಸೂರು ಕನ್ನಡದಲ್ಲಿ ಕಿವಿಗೆ ಬಿದ್ದರೆ ಎಷ್ಟು ಚೆನ್ನ! ಅಂಥವರು ಇರುವಾಗಲೇ ಅವರ ದನಿ ಹಿಡಿದಿಡಬೇಕು. ಅವರು ಹೋದ ಮೇಲೆ ಯಾವ ಸ್ಟುಡಿಯೊದಲ್ಲೂ ಅದು ಹುಟ್ಟುವುದಿಲ್ಲ.

ಹೈಡ್ ಪಾರ್ಕ್ ಊರು ಸಣ್ಣದು. ಕಾಡುಕಲ್ಲಿನಲ್ಲೇ ಕಟ್ಟಿದ ಅಂಚೆ ಕಚೇರಿ, ಅದರ ಗೋಡೆಯ ಮೇಲೆ ಓಲಿನ್ ಡೌಸ್ ಬರೆದ ಊರಿನ ಚರಿತ್ರೆಯ ಚಿತ್ರಗಳು. ಕಟ್ಟಡ ಹೀಗೇ ಇರಬೇಕು, ಕಲ್ಲು ಇಂಥದ್ದೇ ಆಗಬೇಕು ಎಂದು ಅಧ್ಯಕ್ಷರು ತಾವೇ ತಲೆಹಾಕಿ ಮಾಡಿಸಿದ್ದು. ಅಂಚೆಚೀಟಿ ಕೊಳ್ಳಲು ಬಂದ ಅಜ್ಜಿಯೊಬ್ಬರು ಚಿತ್ರ ನೋಡುತ್ತಿದ್ದ ನಮಗಾಗಿ ಸರಿದು ಜಾಗ ಬಿಟ್ಟರು.

ಅಲ್ಲಿಂದ ಸುಮಾರು ಮೂರು ಕಿಲೊಮೀಟರ್ ಒಳಗೆ ಹೋದರೆ ವ್ಯಾಲ್‌ಕಿಲ್. ಹಳ್ಳದ ದಂಡೆಯ ಈ ಜಾಗದಲ್ಲಿ ಎಲೀನರ್ ಮತ್ತು ಅವರ ಇಬ್ಬರು ಗೆಳತಿಯರಿಗೆ 1925ರಲ್ಲಿ ಕಲ್ಲಿನ ಪುಟ್ಟ ಮನೆ ಎದ್ದಿತು. ಕಟ್ಟಿಕೊಳ್ಳಿ ಎಂದು ಹುರಿದುಂಬಿಸಿದ್ದು ಫ್ರಾಂಕ್ಲಿನ್ನರೇ. ಪಕ್ಕದಲ್ಲಿ ಮರದ ಪೀಠೋಪಕರಣ ಮಾಡುವ ಕಾರ್ಖಾನೆ ನಡೆಸಿದರು. ಅದು ಮುಚ್ಚಿದ ಮೇಲೆ ಎಲೀನರ್ ಆ ಕಾರ್ಖಾನೆಯ ಕಟ್ಟಡವನ್ನೇ ತಮ್ಮ ಮನೆ ಮಾಡಿಕೊಂಡರು. ಗಂಡ ಹೋದ ಮೇಲೆ 1962ರಲ್ಲಿ ಕಣ್ಣು ಮುಚ್ಚುವವರೆಗೂ ಇದೇ ಅವರ ಊರಮನೆ. ಗಂಟುಗಂಟು ಪೈನ್ ಹಲಗೆಯ ಗೋಡೆ, ಅದರ ತುಂಬ ಚೌಕಟ್ಟು ಹಾಕಿದ ಫೋಟೊಗಳು. ಒಂದಕ್ಕೊಂದು ಜೋಡಿ ಇಲ್ಲದ ಕುರ್ಚಿಗಳು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂರಬಹುದಿತ್ತು ಎಂದು ನೋಡಿದ ಕೂಡಲೆ ತಿಳಿಯುತ್ತದೆ. 1949ರ ಅಕ್ಟೋಬರಿನಲ್ಲಿ ನಮ್ಮ ನೆಹರೂ ಬಂದಿದ್ದರು. ಫ್ರಾಂಕ್ಲಿನ್ ಗೋರಿಗೆ ಹೂವಿಟ್ಟು, ಇಲ್ಲಿಗೆ ಬಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹುಡುಗ ಹುಡುಗಿಯರ ಜೊತೆ ಮಾತಾಡಿದ್ದರು. 1952ರಲ್ಲಿ ಎಲೀನರ್ ಭಾರತಕ್ಕೆ ಬಂದರು, ಆ ಪ್ರವಾಸದ ಬಗ್ಗೆ ಪುಸ್ತಕ ಬರೆದರು. ವ್ಯಾಲ್‌ಕಿಲ್‌ನಲ್ಲಿ ಕೇಳಲಿಕ್ಕೆಂದು ಮಗಳು ಏನನ್ನೂ ಇಟ್ಟಿರಲಿಲ್ಲ. ಇಯರ್‌ಫೋನ್ ತೆಗೆದು ಚೀಲಕ್ಕೆ ಹಾಕಿಕೊಂಡೆ. ಹಳ್ಳದ ಮೇಲಿನ ಸೇತುವೆಯ ಹಲಗೆ ಕಾಲಡಿಯಲ್ಲಿ ಸದ್ದು ಮಾಡಿತು.

ವಾಪಸು ರೈಲಿನಲ್ಲಿ ನದಿ ಈಗ ಬಲಗಡೆ. ಬೀಕನ್ ದಾಟುವವರೆಗೂ ಮಗಳು ಮಾತಾಡಲಿಲ್ಲ. ಆಮೇಲೆ ತನ್ನ ಫೋನನ್ನು ನಮ್ಮಿಬ್ಬರ ನಡುವೆ ಸೀಟಿನ ಮೇಲಿಟ್ಟು, ರೆಕಾರ್ಡ್ ಒತ್ತಿ ಕೇಳಿದಳು:

“ಅಮ್ಮಾ, ಅಜ್ಜಿ ಮನೇಲಿ ನೀನು ಎಲ್ಲಿ ಕೂತ್ಕೋತಿದ್ದೆ?”

ಎಂದೂ ಯಾರೂ ಕೇಳಿದ ಪ್ರಶ್ನೆ ಅಲ್ಲ ಅದು. ಬಚ್ಚಲೊಲೆ ಮುಂದಿನ ಕಲ್ಲಿನ ಮೇಲೆ, ಅಂದೆ. ಬೆಳಿಗ್ಗೆ ಐದಕ್ಕೇ ಒಲೆ ಹೊತ್ತಿಸೋದು ನನ್ನ ಕೆಲಸ. ಅಡಕೆ ಹಾಳೆ, ಸೋಗೆ ಒಟ್ಟಿ, ಹಂಡೆ ಕಾಯೋವರೆಗೆ ಆ ಬೆಂಕಿ ಬೆಳಕಲ್ಲೇ ‘ಸುಧಾ’ ಓದ್ತಾ ಇದ್ದೆ. ಅಷ್ಟು ಹೊತ್ತಿಗೆ ಅಲ್ಲಿಗೆ ಬೇರೆ ಯಾರೂ ಬರ್ತಿರಲಿಲ್ಲ.