ಕಲ್ಲಂಗಡಿ ಕ್ಯಾಂಡಿ ಯಾಕೆ ಕಲ್ಲಾಗುತ್ತೆ?

ಮಾರ್ಚ್ ಬಂತೆಂದರೆ ಗುಂಡ್ಲುಪೇಟೆ ಹೆದ್ದಾರಿಯ ಬದಿಯಲ್ಲಿ ಕಲ್ಲಂಗಡಿ ರಾಶಿ ಬೀಳುತ್ತೆ. ಊಟಿಗೆ ಹೋಗೋ ಕಾರುಗಳು ನಿಲ್ಲಿಸಿ, ಒಂದೊಂದು ಹೋಳು ತಿಂದು, ಮುಂದೆ ಹೋಗ್ತವೆ. ಚಾಮರಾಜನಗರದ ಅಂಗಡಿಗಳಲ್ಲಿ ಏಲಕ್ಕಿ ಬಾಳೆ ಗೊನೆ ತೂಗುತ್ತಿರುತ್ತೆ, ಏಪ್ರಿಲ್ ಹೊತ್ತಿಗೆ ಮಾವೂ ಬರುತ್ತೆ. ಇಷ್ಟೆಲ್ಲ ಹಣ್ಣಿರೋ ಸೀಮೆಯಲ್ಲಿ ಓದ್ತಾ ಇರೋ ನಾವು ಬಿಸಿಲಿಗೆ ಕೊಳ್ಳೋದು ಮಾತ್ರ ಬಣ್ಣದ ನೀರಿನ ಐಸು.

ಸರಿ, ಮನೇಲೇ ಮಾಡೋಣ ಅಂತ ಯೂಟ್ಯೂಬ್ ತೆರೆದರೆ ಎಲ್ಲರದೂ ಒಂದೇ ಪಾಠ. ಹಣ್ಣು ರುಬ್ಬಿ, ಅಚ್ಚಿಗೆ ಸುರೀರಿ, ಫ್ರೀಜರಿನಲ್ಲಿಡಿ, ಮುಗೀತು. ಹಾಗೆ ಮಾಡಿದ ಕಲ್ಲಂಗಡಿ ಕ್ಯಾಂಡಿಯನ್ನ ಕಚ್ಚಿದರೆ ಹಲ್ಲು ಜುಂ ಅನ್ನುತ್ತೆ. ಚೀಪಿದರೆ ಎರಡು ನಿಮಿಷಕ್ಕೆ ಕೆಂಪೆಲ್ಲ ಬಾಯಿಗೆ ಬಂದು ಕಡ್ಡಿಯಲ್ಲಿ ಸಪ್ಪೆ ಬಿಳಿ ಐಸು ಉಳಿಯುತ್ತೆ. ಅದೇ ಫ್ರೀಜರಿನಲ್ಲಿ ಅದೇ ರಾತ್ರಿ ಇಟ್ಟ ಬಾಳೆಹಣ್ಣಿನ ಕ್ಯಾಂಡಿ ಮಾತ್ರ ಮೆತ್ತಗೆ ಕಚ್ಚೋಕೆ ಬರುತ್ತೆ. ಈ ವ್ಯತ್ಯಾಸ ಯಾಕೆ ಅನ್ನೋದು ಗೊತ್ತಾದರೆ ಯಾವ ಹಣ್ಣಿಗೂ ರೆಸಿಪಿ ಹುಡುಕಬೇಕಿಲ್ಲ, ನಾವೇ ಲೆಕ್ಕ ಹಾಕಬಹುದು.

ಉತ್ತರ ಪಿಯುಸಿ ಕೆಮಿಸ್ಟ್ರಿಯಲ್ಲೇ ಇದೆ. ಶುದ್ಧ ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತೆ. ಅದರಲ್ಲಿ ಏನಾದರೂ ಕರಗಿದ್ದರೆ ಇನ್ನೂ ಕೆಳಗಿನ ಉಷ್ಣತೆ ಬೇಕು. ಒಂದು ಕಿಲೋ ನೀರಿಗೆ ಒಂದು ಮೋಲ್ ಕರಗಿಸಿದರೆ 1.86 ಡಿಗ್ರಿ ಇಳಿಯುತ್ತೆ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಪರೀಕ್ಷೆ ಮುಗಿದ ಮೇಲೆ ಅದು ಕೆಲಸಕ್ಕೆ ಬರೋದು ಇಲ್ಲೇ.

ಹಣ್ಣಿನ ರಸ ತಣ್ಣಗಾಗುವಾಗ ಮೊದಲು ಐಸ್ ಆಗೋದು ಅದರಲ್ಲಿರೋ ನೀರು ಮಾತ್ರ. ಸಕ್ಕರೆ ಹರಳಿನೊಳಗೆ ಹೋಗಲ್ಲ, ಉಳಿದ ರಸಕ್ಕೆ ಬಂದು ಸೇರಿಕೊಳ್ಳುತ್ತೆ. ಆ ರಸ ಗಟ್ಟಿಯಾದಷ್ಟೂ ಅದನ್ನ ಹೆಪ್ಪುಗಟ್ಟಿಸೋದು ಕಷ್ಟ. ಹೀಗೆ ಮೈನಸ್ 18ರ ಫ್ರೀಜರಿನಲ್ಲೂ ಐಸ್ ಹರಳುಗಳ ಸಂದಿಯಲ್ಲಿ ಒಂದಿಷ್ಟು ಪಾಕ ಪಾಕವಾಗೇ ಉಳಿದಿರುತ್ತೆ. ಹಲ್ಲು ಇಳಿಯೋಕೆ ದಾರಿ ಮಾಡಿಕೊಡೋದು ಆ ಪಾಕ. ಕಲ್ಲಂಗಡಿಯಲ್ಲಿ ಸಕ್ಕರೆ ಸುಮಾರು 8 ಶೇಕಡಾ ಅಷ್ಟೇ, ಪಾಕ ಕಮ್ಮಿ, ಐಸೇ ಜಾಸ್ತಿ. ಅದಕ್ಕೇ ಕಲ್ಲು. ಚೀಪಿದಾಗ ಸಂದಿಯಲ್ಲಿದ್ದ ಆ ಸ್ವಲ್ಪ ಪಾಕವೂ ಸೋರಿ ಬಾಯಿಗೆ ಬರುತ್ತೆ, ಹಿಂದೆ ಉಳಿಯೋದು ಬರೀ ನೀರಿನ ಹರಳು. ಚೆನ್ನಾಗಿ ಮಾಗಿದ ಬಾಳೆಯಲ್ಲಿ 20 ಶೇಕಡಾ ಆಸುಪಾಸು ಸಕ್ಕರೆ ಇರುತ್ತೆ, ಜೊತೆಗೆ ನಾರು, ಪೆಕ್ಟಿನ್. ಇವು ಹರಳುಗಳನ್ನ ದೊಡ್ಡದಾಗಿ ಬೆಳೆಯೋಕೆ ಬಿಡಲ್ಲ.

ಹಾಗಾದರೆ ಎಷ್ಟು ಸಕ್ಕರೆ ಇರಬೇಕು? ಹಣ್ಣಿನದು, ನಾವು ಹಾಕಿದ್ದು ಎರಡೂ ಸೇರಿ 15ರಿಂದ 20 ಶೇಕಡಾ ಇದ್ದರೆ ಕ್ಯಾಂಡಿ ಚೆನ್ನಾಗಿ ಬರುತ್ತೆ. ಅದಕ್ಕಿಂತ ತುಂಬಾ ಹೆಚ್ಚಾದರೆ ಕಡ್ಡಿಯೇ ನಿಲ್ಲಲ್ಲ, ಅಚ್ಚಿನಿಂದ ತೆಗೆದ ತಕ್ಷಣ ಕುಸಿಯುತ್ತೆ. ಈಗ ಕಲ್ಲಂಗಡಿಯ ಲೆಕ್ಕ ನೋಡೋಣ. 500 ಗ್ರಾಂ ರಸದಲ್ಲಿ 40 ಗ್ರಾಂ ಸಕ್ಕರೆ ಇದೆ. ಅದನ್ನ 16 ಶೇಕಡಾ ಮಾಡೋಕೆ ಇನ್ನೂ x ಗ್ರಾಂ ಹಾಕಬೇಕು ಅಂದುಕೊಳ್ಳಿ. 40 + x ಅನ್ನೋದು 500 + xನ 16 ಶೇಕಡಾ ಆಗಬೇಕು. x ಸುಮಾರು 48 ಬರುತ್ತೆ. ಅಂದರೆ ನಾಲ್ಕು ದೊಡ್ಡ ಚಮಚ. ಹಣ್ಣು ಸಪ್ಪೆ ಇದ್ದರೆ ಐದು. ಇಷ್ಟು ಹಾಕಿ ರುಚಿ ನೋಡಿದರೆ ಸಿಹಿ ಸ್ವಲ್ಪ ಜಾಸ್ತಿಯಾಯ್ತು ಅನ್ನಿಸುತ್ತೆ. ಆಗಲಿ ಬಿಡಿ. ನಾಲಿಗೆ ತಣ್ಣಗಾದಾಗ ಸಿಹಿ ಕಮ್ಮಿ ತಿಳಿಯುತ್ತೆ, ಕ್ಯಾಂಡಿಯಾದ ಮೇಲೆ ಸರಿಹೋಗುತ್ತೆ. 70 ಮಿಲಿಯ ಒಂದು ಕ್ಯಾಂಡಿಗೆ ಒಟ್ಟು 11 ಗ್ರಾಂ ಸಕ್ಕರೆ ಬಿತ್ತು, ಇದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ತಿನ್ನೋ ಪದಾರ್ಥ ಅಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. 1.86ರ ಲೆಕ್ಕ ಮೋಲಿನದು, ಗ್ರಾಮಿನದಲ್ಲ. ಅಂಗಡಿ ಸಕ್ಕರೆಯ ಒಂದು ಮೋಲ್ 342 ಗ್ರಾಂ. ಗ್ಲೂಕೋಸ್, ಫ್ರಕ್ಟೋಸ್ ಆದರೆ 180 ಗ್ರಾಮಿಗೇ ಒಂದು ಮೋಲ್. ಅಂದರೆ ಅಷ್ಟೇ ತೂಕಕ್ಕೆ ಹೆಚ್ಚುಕಮ್ಮಿ ಎರಡರಷ್ಟು ಪರಿಣಾಮ. ಜೇನಿನಲ್ಲಿ ಇರೋದು ಬಹುಪಾಲು ಇವೆರಡೇ. ಬಿಳಿಗಿರಿರಂಗನ ಬೆಟ್ಟದ ಜೇನು ಮನೇಲಿದ್ದರೆ ಒಂದು ಚಮಚ ಸಕ್ಕರೆ ಬದಲು ಅದನ್ನ ಹಾಕಿ, ಕ್ಯಾಂಡಿ ಇನ್ನಷ್ಟು ಮೆತ್ತಗಾಗುತ್ತೆ.

ಬಾಳೆಹಣ್ಣಿನ ಕಥೆಯೂ ಇಲ್ಲಿಗೇ ಸೇರುತ್ತೆ. ಬಾಳೆಕಾಯಿಯಲ್ಲಿ ಸಕ್ಕರೆ ಇರಲ್ಲ, ಪಿಷ್ಟ ಇರುತ್ತೆ. ಪಿಷ್ಟದ ಅಣು ದೊಡ್ಡದು, ಎಷ್ಟು ಗ್ರಾಂ ಇದ್ದರೂ ಮೋಲ್ ಲೆಕ್ಕಕ್ಕೆ ಸಿಗೋದು ಅತ್ಯಲ್ಪ. ಹಣ್ಣಾಗ್ತಾ ಆ ಪಿಷ್ಟ ಒಡೆದು ಸಕ್ಕರೆಯಾಗುತ್ತೆ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬರೋ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲವೂ ಸಕ್ಕರೆ. ಕ್ಯಾಂಡಿಗೆ ಇದಕ್ಕಿಂತ ಒಳ್ಳೇ ಹಣ್ಣು ಸಿಗಲ್ಲ. ಆದರೆ ಮಾರ್ಕೆಟ್ಟಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಚುಕ್ಕೆ ಬಿದ್ದ ಕೂಡಲೇ ಬೆಲೆ ಇಳಿಯುತ್ತೆ, ಸಿಪ್ಪೆ ಕರ್ರಗಾದರೆ ಕೇಳೋರೇ ಇಲ್ಲ, ಸಂಜೆಗೆ ದನದ ಮುಂದೆ. ನಮ್ಮಲ್ಲಿ ಎಷ್ಟೋ ಜನರ ಮನೆಯವರು ಬಾಳೆ, ಕಲ್ಲಂಗಡಿ ಬೆಳೆಯೋರೇ. 2020ರ ಲಾಕ್‌ಡೌನ್ ಬೇಸಿಗೆಯಲ್ಲಿ ಕೊಳ್ಳೋರಿಲ್ಲದೆ ಹಣ್ಣು ಹೊಲದಲ್ಲೇ ಕೊಳೆತದ್ದನ್ನ ರಾಜ್ಯದ ಎಷ್ಟೋ ಕಡೆ ರೈತರು ನೋಡಿದ್ದಾರೆ. ಒಂದು ಲೋಡ್ ಹಣ್ಣನ್ನ ಐಸ್ ಕ್ಯಾಂಡಿ ಉಳಿಸುತ್ತೆ ಅಂತ ನಾನು ಹೇಳಲ್ಲ. ಆದರೆ ವ್ಯಾಪಾರಿ ಬೇಡ ಅಂದ ಆ ಎರಡು ಚಿಪ್ಪು ಬಾಳೆಹಣ್ಣು ಕೆಟ್ಟ ಹಣ್ಣಲ್ಲ. ಸಿಪ್ಪೆ ನೋಡಿ ಕೊಟ್ಟ ಬೆಲೆ ಅದು, ತಿರುಳು ನೋಡಿ ಅಲ್ಲ.

ಅದರಿಂದ ಮಾಡೋದು ಹೀಗೆ. ಸುಲಿದ ಏಲಕ್ಕಿ ಬಾಳೆ 300 ಗ್ರಾಂ, ಗಟ್ಟಿ ತೆಂಗಿನಹಾಲು 150 ಮಿಲಿ, ಕರಗಿಸಿ ಸೋಸಿದ ಬೆಲ್ಲ 40 ಗ್ರಾಂ, ಎರಡು ಏಲಕ್ಕಿ, ಅರ್ಧ ಹೋಳು ನಿಂಬೆ. ನಿಂಬೆ ಹಾಕೋದು ಹಣ್ಣು ಕಪ್ಪಾಗದೇ ಇರಲಿ ಅಂತ. ಎಲ್ಲ ಸೇರಿಸಿ ರುಬ್ಬಿದರೆ ಏಳು ಕ್ಯಾಂಡಿ ಆಗುತ್ತೆ. ಯೋಚಿಸಿ ನೋಡಿದರೆ ಇದು ನಮ್ಮ ಬಾಳೆಹಣ್ಣಿನ ರಸಾಯನವೇ, ಕಡ್ಡಿ ಚುಚ್ಚಿದ್ದೇವೆ ಅಷ್ಟೇ. ಹಾಗೇನೇ ರಾಮನವಮಿಗೆ ಮಾಡೋ ಬೇಲದ ಹಣ್ಣಿನ ಪಾನಕವೂ ಅದ್ಭುತ ಕ್ಯಾಂಡಿ ಆಗುತ್ತೆ. ಹುಳಿ, ಬೆಲ್ಲ, ಶುಂಠಿ ಎಲ್ಲ ಇದ್ದೇ ಇದೆ. ಕುಡಿಯೋಕೆ ಮಾಡೋದಕ್ಕಿಂತ ಒಂದು ಹಿಡಿ ಬೆಲ್ಲ ಜಾಸ್ತಿ ಹಾಕಿ, ನೀರು ಕಮ್ಮಿ ಮಾಡಿ. ಮಾವಿನಹಣ್ಣು ಸಿಹಿ ಇದ್ದರೆ ಅದಕ್ಕೆ ಏನೂ ಬೇಡ, ಚಿಟಿಕೆ ಉಪ್ಪು ಸಾಕು. ಅನಾನಸ್ ಇದ್ದರೆ ಹಸಿಯಾಗಿ ಹಾಲಿಗೆ ಸೇರಿಸಬೇಡಿ. ಅದರಲ್ಲಿರೋ ಕಿಣ್ವ ಹಾಲಿನ ಪ್ರೋಟೀನನ್ನ ಒಡೆದು ಕಹಿ ಮಾಡುತ್ತೆ.

ಕಲ್ಲಂಗಡಿಗೆ ಇನ್ನೊಂದು ಉಪಾಯ ಬೇಕು, ಯಾಕೆಂದರೆ ಅದರ ಕೆಂಪು ತಿರುಳು ಅಚ್ಚಿನ ತಳಕ್ಕೆ ಇಳಿದುಬಿಡುತ್ತೆ. ಸಕ್ಕರೆ, ನಿಂಬೆರಸ ಹಾಕಿದ ರಸವನ್ನ ಮೊದಲು ಅಗಲ ಪಾತ್ರೆಯಲ್ಲಿ ಫ್ರೀಜರಿಗಿಡಿ. ಅಂಚು ಕಟ್ಟಿ, ಮಧ್ಯ ಇನ್ನೂ ನೀರಾಗಿರುವಾಗ ಹೊರಗೆ ತೆಗೆದು ಮತ್ತೊಮ್ಮೆ ರುಬ್ಬಿ ಅಚ್ಚಿಗೆ ಸುರೀರಿ. ದೊಡ್ಡ ಹರಳು ಒಡೆದು ಸಣ್ಣ ಹರಳಾಗಿರುತ್ತೆ, ತಿರುಳೂ ಇಳಿಯಲ್ಲ. ಅಚ್ಚಿನ ಬಾಯಿತನಕ ತುಂಬಬೇಡಿ. ನೀರು ಐಸಾದಾಗ ಗಾತ್ರ 9 ಶೇಕಡಾ ಹಿಗ್ಗುತ್ತೆ.

ಕಡ್ಡಿಯ ವಿಷಯಕ್ಕೆ ಬಂದರೆ, ಇದನ್ನ ಕಂಡುಹಿಡಿದವನು ಒಬ್ಬ ಹುಡುಗ. 1905ರಲ್ಲಿ ಅಮೆರಿಕದ ಫ್ರಾಂಕ್ ಎಪರ್ಸನ್ ಅನ್ನೋ 11 ವರ್ಷದವನು ಶರಬತ್ತು ಕಲಸಿದ ಲೋಟವನ್ನ ಕಡ್ಡಿ ಸಮೇತ ರಾತ್ರಿ ಜಗಲಿಯಲ್ಲಿ ಮರೆತನಂತೆ. ಚಳಿಗೆ ಅದು ಕಡ್ಡಿ ಹಿಡಿದುಕೊಂಡು ಗಟ್ಟಿಯಾಗಿತ್ತು. 1924ರಲ್ಲಿ ಅದಕ್ಕೆ ಪೇಟೆಂಟ್ ಪಡೆದ, ಪಾಪ್ಸಿಕಲ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ನಮ್ಮೂರ ಜಗಲಿ ಮೇಲೆ ಮರೆತಿದ್ದರೆ ಬೆಳಿಗ್ಗೆ ಇರುವೆ ಮುತ್ತಿರ್ತಿತ್ತು. ಅಚ್ಚಿಗೆ ಸುರಿದ ತಕ್ಷಣ ಕಡ್ಡಿ ನಿಲ್ಲಲ್ಲ, ವಾಲುತ್ತೆ. ಒಂದೂವರೆ ಗಂಟೆ ಬಿಟ್ಟು, ಅರ್ಧ ಕಟ್ಟಿದ ಮೇಲೆ ಚುಚ್ಚಿ.

ಇನ್ನು ಮೆಕ್ಯಾನಿಕಲ್‌ನವರಿಗೆ ಇಷ್ಟವಾಗೋ ಭಾಗ. 30 ಡಿಗ್ರಿಯ 70 ಗ್ರಾಂ ರಸವನ್ನ ಮೈನಸ್ 18ಕ್ಕೆ ಇಳಿಸೋಕೆ ಎಷ್ಟು ಶಾಖ ಹೊರತೆಗೆಯಬೇಕು? ನೀರು ಅಂತಲೇ ಹಿಡಿದರೆ 0 ಡಿಗ್ರಿಗೆ ಬರೋಕೆ 9 ಕಿಲೋಜೂಲ್, ಐಸ್ ಆಗೋಕೆ 23, ಆಮೇಲೆ ತಣ್ಣಗಾಗೋಕೆ 3. ಒಟ್ಟು 35. ಮೂರರಲ್ಲಿ ಎರಡು ಪಾಲು ಬರೀ ಗುಪ್ತೋಷ್ಣ. ಥರ್ಮಾಮೀಟರ್ ಇಟ್ಟು ನೋಡಿದರೆ ಗಂಟೆಗಟ್ಟಲೆ ಮುಳ್ಳು ಸೊನ್ನೆಯ ಸ್ವಲ್ಪ ಕೆಳಗೇ ನಿಂತಿರುತ್ತೆ. ಆಗ ಬಾಗಿಲು ತೆಗೆದು ತೆಗೆದು ನೋಡಬೇಡಿ!

ಸ್ಟೀಲ್ ಅಚ್ಚು ತಂದರೆ ಬೇಗ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಫ್ರೀಜರಿನೊಳಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಅಚ್ಚಿನ ಸುತ್ತ ಇರೋದು ಹೆಚ್ಚುಕಮ್ಮಿ ನಿಂತ ಗಾಳಿ. ಗಾಳಿಯಿಂದ ಅಚ್ಚಿಗೆ ಶಾಖ ದಾಟೋಕೆ ಇರೋ ತಡೆ, ಒಂದು ಮಿಲಿಮೀಟರ್ ಪ್ಲಾಸ್ಟಿಕ್ ಗೋಡೆಯ ತಡೆಗಿಂತ 20 ಪಟ್ಟಾದರೂ ಹೆಚ್ಚು. ಗೋಡೆ ಬದಲಿಸಿ ಏನು ಬಂತು? ಅಚ್ಚನ್ನ ಫ್ರೀಜರಿನ ತಣ್ಣನೆಯ ತಳಕ್ಕೆ ತಾಗುವಂತೆ ಇಡಿ, ಅದು ಹೆಚ್ಚು ಕೆಲಸ ಮಾಡುತ್ತೆ. ಹೇಗಿಟ್ಟರೂ ಐದಾರು ಗಂಟೆ ಬೇಕು.

ಗಾಳಿಯ ಬದಲು ತಣ್ಣನೆಯ ದ್ರವ ಇದ್ದರೆ ಕಥೆಯೇ ಬೇರೆ. ಐಸ್ ಕ್ಯಾಂಡಿ ಫ್ಯಾಕ್ಟರಿಗಳಲ್ಲಿ ಅಚ್ಚುಗಳನ್ನ ತಣ್ಣನೆಯ ಉಪ್ಪುನೀರಿನ ತೊಟ್ಟಿಗೆ ಇಳಿಬಿಡೋದು ಇದಕ್ಕೇ. ಫ್ರೀಜರ್ ಇಲ್ಲದ ಮನೆಯಲ್ಲೂ ಇದನ್ನ ಮಾಡಬಹುದು. ಮೂರು ಕಿಲೋ ಪುಡಿ ಮಾಡಿದ ಐಸ್, ಒಂದು ಕಿಲೋ ಕಲ್ಲುಪ್ಪು. ಬಕೆಟ್ಟಿಗೆ ಗೋಣಿಚೀಲ ಸುತ್ತಿ, ಒಂದು ಪದರ ಐಸ್ ಒಂದು ಪದರ ಉಪ್ಪು ಹಾಕ್ತಾ ಹೋಗಿ. ಉಪ್ಪು ಐಸನ್ನ ಕರಗಿಸುತ್ತೆ, ಕರಗೋಕೆ ಬೇಕಾದ ಶಾಖವನ್ನ ಐಸ್ ತನ್ನ ಸುತ್ತಲಿನಿಂದಲೇ ಎಳೆದುಕೊಳ್ಳುತ್ತೆ, ಇಡೀ ಮಿಶ್ರಣ ಸೊನ್ನೆಗಿಂತ ಕೆಳಗೆ ಇಳಿಯುತ್ತೆ. ಪುಸ್ತಕದ ಪ್ರಕಾರ ಮೈನಸ್ 21ರ ತನಕ ಹೋಗಬಹುದು, ಬಕೆಟ್ಟಿನಲ್ಲಿ ಮೈನಸ್ 12, 15 ಸಿಕ್ಕರೆ ಸಾಕು. ಇಲ್ಲಿ ಮಾತ್ರ ಸ್ಟೀಲ್ ಲೋಟವೇ ಬೇಕು, ಪ್ಲಾಸ್ಟಿಕ್ಕಿನ ತಡೆ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಸಣ್ಣ ಲೋಟದಲ್ಲಿ ರಸ ಹಾಕಿ, ಬಾಯಿಗೆ ಫಾಯಿಲ್ ಕಟ್ಟಿ, ಕಡ್ಡಿ ತೂರಿಸಿ, ಉಪ್ಪುನೀರು ಒಳಗೆ ಹೋಗದ ಹಾಗೆ ಕುತ್ತಿಗೆತನಕ ಹುದುಗಿಸಿ. ಒಂದು ಗಂಟೆ ಆಸುಪಾಸಿನಲ್ಲಿ ಕಟ್ಟುತ್ತೆ. ಬೇಗ ಕಟ್ಟಿದ್ದರಿಂದ ಹರಳೂ ಸಣ್ಣದು, ಫ್ರೀಜರಿನದಕ್ಕಿಂತ ನುಣುಪಾಗೇ ಬರುತ್ತೆ. ಆ ನೀರಿಗೆ ಬರಿಗೈ ಹಾಕಬೇಡಿ, ಚರ್ಮ ಸುಟ್ಟ ಹಾಗಾಗುತ್ತೆ.

ಈಗ ನೀರಿನ ಮಾತು, ಇದರಲ್ಲಿ ತಮಾಷೆ ಬೇಡ. ಐಸ್ ಮಾಡಿದರೆ ಕ್ರಿಮಿ ಸಾಯುತ್ತೆ ಅನ್ನೋದು ಸುಳ್ಳು. ಎಷ್ಟೋ ಬ್ಯಾಕ್ಟೀರಿಯಾ, ಕಾಮಾಲೆ ತರೋ ಹೆಪಟೈಟಿಸ್-ಎ ವೈರಸ್, ಎಲ್ಲ ಹೆಪ್ಪುಗಟ್ಟಿದ ನೀರಲ್ಲೂ ಬದುಕಿ ಉಳೀತವೆ. ಬೇಸಿಗೆಯಲ್ಲಿ ಬೋರಿನ ನೀರು, ಟ್ಯಾಂಕರ್ ನೀರು ಅಂತ ಯಾವುದು ಬರುತ್ತೋ ಅದನ್ನೇ ಬಳಸೋ ಮನೆಗಳು ಜಾಸ್ತಿ. ಕ್ಯಾಂಡಿಗೆ ಹಾಕೋ ನೀರನ್ನ ಕುದಿಸಿ ಆರಿಸಿಯೇ ಹಾಕಿ. ಕಲ್ಲಂಗಡಿಯನ್ನ ಕೊಯ್ಯೋ ಮೊದಲು ಸಿಪ್ಪೆ ತೊಳೀರಿ, ಇಲ್ಲದಿದ್ದರೆ ನೆಲದ ಕೊಳೆಯನ್ನ ಚಾಕುವೇ ಒಳಗೆ ಒಯ್ಯುತ್ತೆ. ಬಕೆಟ್ಟಿನ ಹೊರಗೆ ಬಳಸೋ ಅಂಗಡಿ ಐಸು ಹೊರಗೇ ಇರಲಿ, ಅದರ ಒಂದು ಹನಿಯೂ ರಸಕ್ಕೆ ಬೀಳಬಾರದು.

ಬಣ್ಣ ಯಾಕೂ ಬೇಡ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿತಲ್ಲ, ಆಗ ಸುದ್ದಿಯಾದ ರೋಡಮೈನ್-ಬಿ ಬಟ್ಟೆಗೆ ಹಾಕೋ ಬಣ್ಣ. ಕೆಂಪೇ ಬೇಕಿದ್ದರೆ ಒಂದು ತುಂಡು ಬೀಟ್‌ರೂಟ್ ರುಬ್ಬಿ ಸೋಸಿ ಹಾಕಿ, ಒಂದು ಚಮಚ ರಸಕ್ಕೆ ಇಡೀ ಜಗ್ಗು ಕೆಂಪಾಗುತ್ತೆ. ಕಾಲೇಜು ಫೆಸ್ಟ್‌ನಲ್ಲಿ ಸ್ಟಾಲ್ ಹಾಕಿದ್ದು ಚೆನ್ನಾಗಿ ಹೋಯ್ತು, ಊರಲ್ಲೂ ದಿನಾ ಮಾರೋಣ ಅಂತ ಹೊರಟರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ. ಸಣ್ಣ ವ್ಯಾಪಾರಕ್ಕೂ ಅದು ಬೇಕು.

ಫ್ರೀಜರಿನಲ್ಲಿಟ್ಟು ವಾರಕ್ಕೆ ಊರಿಗೆ ಹೋಗೋರು ಒಂದು ಕೆಲಸ ಮಾಡಿ. ಸಣ್ಣ ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿದ್ದರೆ ನೀವಿಲ್ಲದಾಗ ಕರೆಂಟ್ ತುಂಬಾ ಹೊತ್ತು ಹೋಗಿ, ಎಲ್ಲ ಕರಗಿ, ಮತ್ತೆ ಕಟ್ಟಿದೆ ಅಂತ ಅರ್ಥ. ಆ ಕ್ಯಾಂಡಿ ತಿನ್ನಬೇಡಿ.

ಅಚ್ಚಿನಿಂದ ಬಿಡಿಸೋಕೆ ಬಿಸಿನೀರು ಬೇಡ, ನಲ್ಲಿ ನೀರಲ್ಲಿ ಹತ್ತು ಹದಿನೈದು ಸೆಕೆಂಡ್ ಅದ್ದಿ ಮೆಲ್ಲಗೆ ತಿರುಗಿಸಿ ಎಳೆದರೆ ಬರುತ್ತೆ. ಬಕೆಟ್ಟಿನ ಉಪ್ಪುನೀರನ್ನ ತೆಂಗಿನ ಬುಡಕ್ಕೋ ಹೂವಿನ ಗಿಡಕ್ಕೋ ಚೆಲ್ಲಬೇಡಿ, ಬಚ್ಚಲಿಗೆ ಹಾಕಿ. ಇಲ್ಲ ಅಂದರೆ ಅಗಲವಾದ ತಟ್ಟೆಗೆ ಸುರಿದು ತಾರಸಿಯ ಬಿಸಿಲಿಗಿಡಿ. ನಾಲ್ಕು ದಿನಕ್ಕೆ ನೀರು ಆರಿ ಉಪ್ಪು ತಟ್ಟೆಯಲ್ಲೇ ಉಳಿಯುತ್ತೆ, ಮುಂದಿನ ಸಲದ ಬಕೆಟ್ಟಿಗೆ ಅದನ್ನೇ ಹಾಕಬಹುದು.